ಹಳೆಯ ಆರ್ಮ್‌ಗೆ ಹೊಸ ಬುಷ್: ದಾವಣಗೆರೆಯ ಒಂದು ಗ್ಯಾರೇಜಿನ ಕೆಲಸ, ಹದಿನಾಲ್ಕು ತಿಂಗಳ ನಂತರ

ನನ್ನ ಪಿಕಪ್‌ನ ಮುಂಭಾಗದ, ಚಕ್ರಗಳನ್ನು ಚಾಸಿಗೆ ಜೋಡಿಸುವ ನಾಲ್ಕೂ ಕಂಟ್ರೋಲ್ ಆರ್ಮ್‌ಗಳನ್ನು ಬಿಚ್ಚಿಸಿ, ಸವೆದ ಬುಷ್‌ಗಳನ್ನೂ (ಆರ್ಮ್ ಚಾಸಿಗೆ ಸೇರುವಲ್ಲಿ ಕೂರುವ, ಒಳಕೊಳವೆ ಹೊರಕೊಳವೆಗಳ ನಡುವೆ ರಬ್ಬರ್ ಇರುವ ತುಂಡುಗಳು) ಕೆಳಗಿನ ಎರಡು ಬಾಲ್ ಜಾಯಿಂಟ್‌ಗಳನ್ನೂ (ಚಕ್ರದ ಕಡೆಯ ಗುಂಡುಕೀಲುಗಳು) ಬದಲಿಸಿ, ಅವೇ ಹಳೆಯ ಆರ್ಮ್‌ಗಳನ್ನು ಮತ್ತೆ ಕೂರಿಸಿಕೊಂಡು ಹದಿನಾಲ್ಕು ತಿಂಗಳಾದವು. ಈ ಅವಧಿಯಲ್ಲಿ ಗಾಡಿ ಸುಮಾರು 22,000 ಕಿಲೋಮೀಟರ್ ಓಡಿದೆ. ಕೆಲಸ ಮುಗಿದ ವಾರವೇ ಬರೆಯಬಹುದಾಗಿತ್ತು. ಆದರೆ ಹೊಸ ರಬ್ಬರ್ ಬಿದ್ದ ಗಾಡಿ ಯಾರ ಹತ್ತಿರ ಮಾಡಿಸಿದರೂ ಮೊದಲ ತಿಂಗಳು ಚೆನ್ನಾಗಿಯೇ ಓಡುತ್ತದೆ, ಮಾಡಿದವರ ಕೈಗುಣ ತಿಳಿಯುವುದು ಒಂದು ಮಳೆಗಾಲ ಕಳೆದ ಮೇಲೆಯೇ. ಗ್ಯಾರೇಜಿನ ಹೆಸರನ್ನು ಬೇಕೆಂದೇ ಹಾಕಿಲ್ಲ. ಮೆಚ್ಚುಗೆಯ ಜೊತೆಗೆ ಎರಡು ಮೂರು ದೂರುಗಳೂ ಇವೆ, ಇಬ್ಬರು ಹುಡುಗರನ್ನು ಇಟ್ಟುಕೊಂಡು ತಗಡಿನ ಶೆಡ್ಡಿನಲ್ಲಿ ದುಡಿಯುವ ಮೇಸ್ತ್ರಿಯೊಬ್ಬರ ಮೇಲೆ ಅವನ್ನು ಹೆಸರು ಹಿಡಿದು ಹೇರಲು ನನಗೆ ಮನಸ್ಸಿಲ್ಲ. ಶೆಡ್ಡು ದಾವಣಗೆರೆಯಲ್ಲಿ, ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗಿದೆ ಎಂದಷ್ಟು ಹೇಳಿದರೆ ಸಾಕು.

ಗಾಡಿ 2018ರ ಇಸುಝು ಡಿ-ಮ್ಯಾಕ್ಸ್. ಬೋರ್‌ವೆಲ್ ಪಂಪು, ಪೈಪು, ಕೇಬಲ್ಲುಗಳ ವ್ಯಾಪಾರ ನನ್ನದು. ವಾರಕ್ಕೆ ನಾಲ್ಕು ದಿನವಾದರೂ ಜಗಳೂರು, ಹೊಳಲ್ಕೆರೆ, ಭೀಮಸಮುದ್ರದ ಕಡೆಯ ತೋಟಗಳಿಗೆ ಹೋಗಬೇಕು. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಚಿತ್ರದುರ್ಗದವರೆಗೆ ಹೋಗಿ ಬರುವುದಾದರೆ ಯಾವ ಗಾಡಿಗೂ ಏನೂ ಆಗುವುದಿಲ್ಲ. ಅದಿರು ಲಾರಿಗಳು ತುಳಿದು ಹಾಕಿದ ಒಳರಸ್ತೆಗಳು ಮತ್ತು ಅಲ್ಲಿಂದ ತೋಟದ ಬದುವಿನವರೆಗಿನ ಬಂಡಿದಾರಿಗಳೇ ಮುಂಭಾಗವನ್ನು ತಿನ್ನುವುದು.

ಇಲ್ಲಿ ಒಂದು ವಿಷಯವನ್ನು ಮೊದಲೇ ಹೇಳಬೇಕು. ನಮ್ಮ ಕಡೆ ಹೆಚ್ಚಾಗಿ ಕಾಣುವ ಬೊಲೆರೊ ಪಿಕಪ್‌ಗಳಲ್ಲಿ ಹಿಂದಿನಂತೆ ಮುಂದೆಯೂ ಕಮಾನು ಪಟ್ಟಿಯೇ ಇರುವ ಮಾದರಿಗಳು ಬಹಳ. ಅವುಗಳಲ್ಲಿ ಕಂಟ್ರೋಲ್ ಆರ್ಮ್ ಎಂಬ ಭಾಗವೇ ಇಲ್ಲ. ಡಿ-ಮ್ಯಾಕ್ಸ್‌ನಲ್ಲಿ ಹಿಂದೆ ಕಮಾನು ಪಟ್ಟಿಯಿದ್ದರೂ ಮುಂದಿನ ಪ್ರತಿ ಚಕ್ರಕ್ಕೆ ಮೇಲೊಂದು ಕೆಳಗೊಂದು ಆರ್ಮ್ ಇರುತ್ತದೆ. ಎರಡೂ ಹೆಚ್ಚುಕಡಿಮೆ ಕವಲು ಕೋಲಿನ ಆಕಾರದವು: ಕವಲಿನ ಎರಡು ಕಾಲುಗಳು ಬುಷ್‌ಗಳ ಮೂಲಕ ಚಾಸಿಗೆ ಸೇರುತ್ತವೆ, ತುದಿ ಬಾಲ್ ಜಾಯಿಂಟ್ ಮೂಲಕ, ಚಕ್ರವನ್ನು ಹಿಡಿದಿರುವ ನಕಲ್ ಎಂಬ ಭಾಗಕ್ಕೆ ಸೇರುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಕೂರುವುದು ಕೆಳಗಿನ ಆರ್ಮ್ ಮೇಲೆ. ಮುಂಭಾಗದ ಭಾರವನ್ನು ಹೊರುವುದೂ ಅದೇ, ಮೊದಲು ಸೋಲುವುದೂ ಅದೇ. ಪಟ್ಟಿ, ಬಕಲ್, ಪಿನ್ನುಗಳ ಕೆಲಸವನ್ನು ಕಣ್ಣು ಮುಚ್ಚಿ ಮಾಡಬಲ್ಲ ನಮ್ಮ ಊರಿನ ಅನೇಕ ಮೇಸ್ತ್ರಿಗಳಿಗೆ ಈ ಆರ್ಮ್ ಕೆಲಸ ಅಷ್ಟಾಗಿ ರೂಢಿಯಿಲ್ಲ. ಇದು ಅವರ ತಪ್ಪಲ್ಲ, ಆದರೆ ನನ್ನ ಹಣ ಎರಡು ಸಲ ಹೋಗಲು ಕಾರಣ ಇದೇ.

ಮೊದಲ ಸಲ ಹೋದದ್ದು ಬೇರೊಂದು ಕಡೆ. ರಸ್ತೆ ಉಬ್ಬು ದಾಟುವಾಗ ಎಡಗಡೆಯಿಂದ ಟಕ್ಕೆಂದು ಒಂದು ಸದ್ದು ಬರುತ್ತಿತ್ತು, ಜೋರಾಗಿ ಬ್ರೇಕ್ ಹಿಡಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಎಡ ಟೈರಿನ ಒಳ ಅಂಚು ಬೋಳಾಗುತ್ತಿತ್ತು. ಅಲ್ಲಿ ಮೊದಲು ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಿದರು, ಸದ್ದು ಹೋಗಲಿಲ್ಲ. ಆಮೇಲೆ ಕೆಳಗಿನ ಆರ್ಮ್‌ಗಳ ಬುಷ್ ಹಾಕಿದರು, ಸದ್ದು ಹೋಯಿತು. ಎಂಟನೆಯ ತಿಂಗಳಿಗೆ ಅದೇ ಸದ್ದು ಅದೇ ಮೂಲೆಯಿಂದ ಮತ್ತೆ ಬಂತು. ಬುಷ್ ಕಳಪೆ ಮಾಲು ಎಂದು ಅವರೂ ಹೇಳಿದರು, ನಾನೂ ನಂಬಿದೆ. ಅದು ನಿಜವಲ್ಲವೆಂದು ತಿಳಿದದ್ದು ಈ ಎರಡನೆಯ ಗ್ಯಾರೇಜಿನಲ್ಲಿ.

ಇಲ್ಲಿನ ಮೇಸ್ತ್ರಿ ಗಾಡಿಯನ್ನು ಓಡಿಸಿ ನೋಡುವ ಮೊದಲೇ ಕೆಳಗೆ ಮಲಗಿದರು. ಕೆಳಗಿನ ಆರ್ಮ್‌ನ ತುದಿಗೆ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರ ಜ್ಯಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎರಡು ಬೆರಳು ಎತ್ತಿಸಿ, ಟೈರಿನ ಅಡಿಗೆ ಹಾರೆ ತೂರಿಸಿ ಮೀಟಿದರು. ಚಾಸಿಗೆ ಜ್ಯಾಕ್ ಕೊಟ್ಟು ಚಕ್ರವನ್ನು ನೇತಾಡಲು ಬಿಟ್ಟರೆ ಸ್ಪ್ರಿಂಗು ಆರ್ಮನ್ನು ಕೆಳಕ್ಕೆ ಒತ್ತಿ ಜಾಯಿಂಟನ್ನು ಬಿಗಿಯಾಗಿ ಹಿಡಿದಿರುತ್ತದೆ, ಒಳಗಿನ ಸಡಿಲ ಕಾಣುವುದಿಲ್ಲ; ಹಿಂದಿನ ಗ್ಯಾರೇಜಿನಲ್ಲಿ ನೋಡಿದ್ದು ಹಾಗೆಯೇ ಎಂಬುದು ನನಗೆ ಆಗ ನೆನಪಾಯಿತು. ಎಡ ಜಾಯಿಂಟ್ ಮೀಟಿದಾಗಲೆಲ್ಲ ಕಣ್ಣಿಗೆ ಕಾಣುವಂತೆ ಮೇಲೆ ಕೆಳಗೆ ಆಡುತ್ತಿತ್ತು. ಅದರ ರಬ್ಬರ್ ಟೊಪ್ಪಿ ಹರಿದು, ಒಳಗಿನ ಗ್ರೀಸು ಕೆಮ್ಮಣ್ಣಿನೊಡನೆ ಕಲಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬಳಿಕ ಬುಷ್‌ಗಳ ಬಳಿ ಟಾರ್ಚ್ ಹಿಡಿದು ನನ್ನನ್ನೂ ಬಗ್ಗಿ ನೋಡಲು ಹೇಳಿದರು. ಎಂಟೇ ತಿಂಗಳ ರಬ್ಬರು ಒಳಕೊಳವೆಯಿಂದ ಅರ್ಧಚಂದ್ರದಂತೆ ಕಿತ್ತು ಬಂದಿತ್ತು, ಆದರೆ ಉಳಿದರ್ಧ ಹೊಸದರಂತೆ ಮೆದುವಾಗಿಯೇ ಇತ್ತು. “ಮಾಲು ಕೆಟ್ಟದ್ದಲ್ಲ ಸಾರ್, ಬಿಗಿ ಮಾಡಿದ್ದು ತಪ್ಪಾಗೇತಿ” ಎಂದರು. ಅದರ ವಿವರಣೆಯನ್ನು ಅವರು ಅಂದು ಕೊಡಲಿಲ್ಲ, ಬಿಗಿ ಮಾಡುವ ದಿನ ತೋರಿಸುತ್ತೇನೆ ಎಂದರು.

ಮುಂದಿನ ಪ್ರಶ್ನೆ ಏನು ಹಾಕಿಸಬೇಕೆಂಬುದು. ಬುಷ್, ಬಾಲ್ ಜಾಯಿಂಟ್ ಎಲ್ಲ ಸೇರಿದ ಹೊಸ ಆರ್ಮ್‌ಗಳನ್ನೇ ಕಂಪನಿಯಿಂದ ತರಿಸುವುದು ಒಂದು ದಾರಿ. ನಾಲ್ಕಕ್ಕೂ ಸೇರಿ ನನಗೆ ಹೇಳಿದ ಬೆಲೆ ಕೊನೆಗೆ ನಾನು ಕೊಟ್ಟ ಒಟ್ಟು ಹಣದ ಮೂರು ಪಟ್ಟು ಆಗುತ್ತಿತ್ತು. ಮಾರುಕಟ್ಟೆಯ ಅಗ್ಗದ ಹೊಸ ಆರ್ಮ್ ಎರಡನೆಯ ದಾರಿ. ಇದನ್ನು ಮೇಸ್ತ್ರಿ ಖಡಾಖಂಡಿತವಾಗಿ ಬೇಡವೆಂದರು, ನಾನೂ ಒಪ್ಪುತ್ತೇನೆ: ಬುಷ್ ಸವೆದರೆ ಸದ್ದು ಮಾಡಿ ಎಚ್ಚರಿಸುತ್ತದೆ, ಆರ್ಮ್‌ನ ಕಬ್ಬಿಣವೇ ಮುರಿದರೆ ಚಕ್ರ ಮಡಚಿಕೊಳ್ಳುತ್ತದೆ. ಉಳಿದದ್ದು ಕಂಪನಿ ಕೊಟ್ಟ ಹಳೆಯ ಆರ್ಮ್‌ಗಳನ್ನೇ ತೊಳೆದು, ಪರೀಕ್ಷಿಸಿ, ಸವೆಯುವ ಭಾಗಗಳನ್ನಷ್ಟೇ ಹೊಸದು ಮಾಡುವ ದಾರಿ. ಡೀಸೆಲ್ಲಿನಲ್ಲಿ ಉಜ್ಜಿ ತೊಳೆದ ಆರ್ಮ್‌ಗಳ ವೆಲ್ಡಿಂಗ್ ಗೆರೆಗಳನ್ನೂ ಬುಷ್ ಕೂರುವ ಕಿವಿಗಳನ್ನೂ ಅವರು ಬಿಸಿಲಿಗೆ ಹಿಡಿದು ನೋಡಿದರು. ಎಡ ಬಲದ ಆರ್ಮ್‌ಗಳ ತೂತಿನಿಂದ ತೂತಿಗೆ ದಾರ ಹಿಡಿದು ಅಳೆದು, ಬಾಗಿಲ್ಲವೆಂದು ಖಾತ್ರಿ ಮಾಡಿಕೊಂಡರು. ಬಿರುಕು ಕಂಡಿದ್ದರೆ ವೆಲ್ಡಿಂಗ್ ಹೊಡೆದು ಕೊಡುತ್ತಿದ್ದಿರಾ ಎಂದು ಕೇಳಿದ್ದಕ್ಕೆ, ಅಂಥ ಆರ್ಮ್ ಗುಜರಿಗೇ ಹೋಗಬೇಕು ಎಂದರು. ಈ ಉತ್ತರಕ್ಕಾಗಿಯೇ ಅವರ ಮೇಲೆ ನನಗೆ ಮೊದಲ ಸಲ ಪೂರ್ತಿ ನಂಬಿಕೆ ಬಂದದ್ದು.

ಕೆಳಗಿನ ಆರ್ಮ್‌ಗಳಿಗೆ ಕಂಪನಿಯ ರಬ್ಬರ್ ಬುಷ್ ಎಂದು ತೀರ್ಮಾನವಾಯಿತು. ಮೇಲಿನವಕ್ಕೆ ರಬ್ಬರಿಗಿಂತ ಗಟ್ಟಿಯಾದ ಪಾಲಿಯೂರಿಥೇನ್ ಬುಷ್ ಹಾಕೋಣ, ಜೀವಮಾನವಿಡೀ ಬರುತ್ತದೆ ಎಂಬ ಸಲಹೆ ಅವರಿಂದಲೇ ಬಂತು. ಇದರ ಕಥೆಯನ್ನು ಮುಂದೆ ಹೇಳುತ್ತೇನೆ.

ಬುಷ್ ತೆಗೆದು ಕೂರಿಸುವ ಕೆಲಸ ಗ್ಯಾರೇಜಿನಲ್ಲಿ ನಡೆಯಲಿಲ್ಲ. ಅವರ ಹತ್ತಿರ ಪ್ರೆಸ್ ಇಲ್ಲ. ಎರಡು ರಸ್ತೆ ಆಚೆಗಿನ ಲೇತ್ ಅಂಗಡಿಗೆ ಆರ್ಮ್‌ಗಳನ್ನು ಹೊತ್ತು ಹೋದೆವು. ಅಂಗಡಿಯ ಮೂಲೆಯಲ್ಲಿದ್ದ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್‌ನದು. ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿದ್ದರೂ ಅದರ ಯಂತ್ರಗಳು ಈ ಸೀಮೆಯಲ್ಲಿ ಇನ್ನೂ ಅನ್ನ ಹಾಕುತ್ತಿವೆ. ಇಲ್ಲಿ ನಾನು ಕಂಡ ಕೈಚಳಕವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಆರ್ಮ್ ಉಳಿಯುವುದೂ ಕೆಡುವುದೂ ಈ ಹಂತದಲ್ಲಿಯೇ. ಹಳೆಯ ಬುಷ್ಷನ್ನು ಬೆಂಕಿ ಹಾಕಿ ಸುಡಲಿಲ್ಲ, ಸುತ್ತಿಗೆಯಿಂದ ಬಡಿಯಲೂ ಇಲ್ಲ. ಆರ್ಮ್‌ನ ಕಿವಿ ಒತ್ತಡಕ್ಕೆ ಒಳಮುಖವಾಗಿ ಮಡಚಿಕೊಳ್ಳದಂತೆ ಎರಡು ಗೋಡೆಗಳ ನಡುವೆ ಉದ್ದಕ್ಕೆ ಸೀಳಿದ ಪೈಪಿನ ತುಂಡೊಂದನ್ನು ಊರೆಯಾಗಿ ಕೊಟ್ಟರು. ಹೊರಕೊಳವೆಯ ಅಂಚಿನ ಮೇಲೆ ಮಾತ್ರ ಕೂರುವ ಹಾಗೆ ಲೇತ್‌ನಲ್ಲಿ ಕಡೆದ ಬಳೆಯೊಂದನ್ನು ಇಟ್ಟು ಪ್ರೆಸ್ ಇಳಿಸಿದರು. ಮಧ್ಯದ ಕೊಳವೆಯ ಮೇಲೆ ಒತ್ತಿದರೆ ರಬ್ಬರ್ ಕಿತ್ತು ಬರುತ್ತದೆ. ಹೊಸದನ್ನು ಹಾಕುವಾಗಲೂ ಅದೇ ನಿಯಮ, ಇಲ್ಲವಾದರೆ ಬುಷ್ ಹಾಕುವ ಹೊತ್ತಿಗೇ ಅರ್ಧ ಸತ್ತಿರುತ್ತದೆ. ಒಂದು ಬುಷ್ ಬರಲೊಲ್ಲದೆ ಪ್ರೆಸ್ಸಿನ ಕಂಬ ಕಿರುಗುಟ್ಟತೊಡಗಿದಾಗ ಒತ್ತಡ ಬಿಟ್ಟು, ಗರಗಸದ ಬ್ಲೇಡನ್ನು ಒಳಗೆ ತೂರಿಸಿ ಹೊರಕೊಳವೆಯನ್ನು ಮಾತ್ರ ಕೂದಲೆಳೆಯಷ್ಟು ಉಳಿಸಿ ಸೀಳಿ, ಆರ್ಮ್‌ನ ತೂತಿಗೆ ಗೀರು ಬೀಳದಂತೆ ಉಳಿಯಿಂದ ಮಡಚಿ ತೆಗೆದರು. ಆ ಒಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಲೇತ್ ಅಂಗಡಿಯವರು ಅದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ.

ಇನ್ನು ದೂರು. ಒಂದು ದಿನದ ಕೆಲಸವೆಂದು ಹೇಳಿ ಮೂರು ದಿನ ತೆಗೆದುಕೊಂಡರು, ಮತ್ತು ತಡ ಆಗುವುದೆಂದು ಒಂದು ಫೋನ್ ಮಾಡಲಿಲ್ಲ. ಕಾರಣ ನ್ಯಾಯವಾದದ್ದೇ: ಎಡಗಡೆಯ ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್ (ಚಕ್ರದ ಕೋನ ಹೊಂದಿಸಲೂ ಬಳಸುವ ಬೋಲ್ಟ್) ಬುಷ್‌ನ ಒಳಕೊಳವೆಗೆ ತುಕ್ಕು ಹಿಡಿದು ಒಂದಾಗಿತ್ತು. ಕಾಲುವೆ ನೀರು ನಿಂತ ದಾರಿಗಳಲ್ಲಿ ಓಡಾಡುವ ಗಾಡಿಗೆ ಇದು ಹೊಸದೇನಲ್ಲ. ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟರೂ ಬಗ್ಗದೆ ಕೊನೆಗೆ ಕತ್ತರಿಸಬೇಕಾಯಿತು, ಹೊಸ ಬೋಲ್ಟ್ ದಾವಣಗೆರೆಯಲ್ಲಿ ಸಿಗದೆ ಹುಬ್ಬಳ್ಳಿಯಿಂದ ಬಸ್ ಪಾರ್ಸೆಲ್‌ನಲ್ಲಿ ಬಂತು. ಆದರೆ ಇಂಥ ಗಾಡಿಯಲ್ಲಿ ಈ ಬೋಲ್ಟ್ ಹೀಗೆ ಸಿಕ್ಕಿಕೊಳ್ಳುವುದು ಅವರು ಅದೆಷ್ಟೋ ಸಲ ಕಂಡ ಸಂಗತಿ. ಅದನ್ನು ಮೊದಲ ದಿನವೇ ಹೇಳಿ ಒಂದು ಜೊತೆ ತರಿಸಿಟ್ಟುಕೊಂಡಿದ್ದರೆ ನನ್ನ ಎರಡು ದಿನದ ಬಾಡಿಗೆ ಗಾಡಿಯ ಖರ್ಚು ಉಳಿಯುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಕೇಳಲು ಹೋದಾಗ, ಬೆಣ್ಣೆ ದೋಸೆ ತಿಂದು ಬನ್ನಿ, ಅಷ್ಟರಲ್ಲಿ ಆಗುತ್ತದೆ ಎಂದು ಕಳಿಸಿದರು. ತಿಂದು ಬಂದೆ, ಗಾಡಿ ಹಾಗೆಯೇ ಕಲ್ಲಿನ ಮೇಲೆ ನಿಂತಿತ್ತು. ಕಲ್ಲಿನ ಮೇಲೆ ಎಂದದ್ದು ಅಕ್ಷರಶಃ: ಚಾಸಿಗೆ ಕೊಟ್ಟ ಆಸರೆಗಳಲ್ಲಿ ಒಂದು ಸ್ಟ್ಯಾಂಡ್, ಇನ್ನೊಂದು ಸೈಜುಗಲ್ಲು. ಸುಮಾರು ಎರಡು ಟನ್ ತೂಕದ ಗಾಡಿಯ ಅಡಿ ಹುಡುಗರು ಮಲಗಿ ಕೆಲಸ ಮಾಡುವಾಗ ಇದು ಸಲ್ಲದು. ಇದನ್ನು ಅವರಿಗೆ ನೇರವಾಗಿ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಮೂರನೆಯ ದಿನ ಬಿಗಿ ಮಾಡುವ ಹೊತ್ತು ಬಂದಾಗ ನನ್ನನ್ನು ಕರೆದರು. ಬಿಚ್ಚುವ ಮೊದಲೇ ಅವರು ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು, ಎಡ ಬಲ ಎರಡನ್ನೂ ಮಡ್‌ಗಾರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು. ಅದು ಏಕೆಂದು ಅಂದು ನನಗೆ ಹೊಳೆದಿರಲಿಲ್ಲ. ರಬ್ಬರ್ ಬುಷ್ ಬಾಗಿಲ ಕೀಲಿನಂತೆ ತಿರುಗುವ ವಸ್ತುವಲ್ಲ. ಬೋಲ್ಟ್ ಬಿಗಿದಾಗ ಅದರ ಒಳಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ, ಹೊರಕೊಳವೆ ಆರ್ಮ್‌ನೊಳಗೆ ಕಚ್ಚಿಕೊಂಡೇ ಇರುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗಲೆಲ್ಲ ನಡುವಿನ ರಬ್ಬರೇ ತಿರುಚಿಕೊಂಡು ಆ ಚಲನೆಗೆ ದಾರಿ ಕೊಡುತ್ತದೆ. ಆದ್ದರಿಂದ ಗಾಡಿ ತನ್ನ ಸಹಜ ಎತ್ತರದಲ್ಲಿ ನಿಂತಿರುವಾಗ ರಬ್ಬರ್ ನೆಟ್ಟಗೆ, ಯಾವ ತಿರುಚೂ ಇಲ್ಲದೆ ಇರಬೇಕು. ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದು ಆಮೇಲೆ ಗಾಡಿಯನ್ನು ಇಳಿಸಿದರೆ, ನಿಂತಲ್ಲೇ ನಿಂತ ಗಾಡಿಯಲ್ಲೂ ರಬ್ಬರು ಹಿಂಡಿದ ಬಟ್ಟೆಯಂತೆ ಒಂದು ಕಡೆಗೆ ತಿರುಚಿಕೊಂಡೇ ಇರುತ್ತದೆ; ಗುಂಡಿ ಸಿಕ್ಕಾಗ ಇನ್ನಷ್ಟು ತಿರುಚಿ ಹರಿಯುತ್ತದೆ. ನನ್ನ ಎಂಟು ತಿಂಗಳ ಬುಷ್‌ಗಳು ಅರ್ಧಚಂದ್ರದಂತೆ ಕಿತ್ತದ್ದು ಹೀಗೆ.

ಕೆಳಗಿನ ಬೋಲ್ಟ್‌ಗಳನ್ನು ಅವರು ಚಕ್ರ ಹಾಕಿ, ಗಾಡಿಯನ್ನು ಪೂರ್ತಿ ನೆಲಕ್ಕಿಳಿಸಿ, ಮುಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಸೀಮೆಸುಣ್ಣದ ಅಂಕಿಗೆ ಎತ್ತರ ಸರಿಹೋದ ಮೇಲೆ ಟಾರ್ಕ್ ರೆಂಚ್‌ನಿಂದ ಬಿಗಿದರು. ಬಾಲ್ ಜಾಯಿಂಟ್‌ನ ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕುವಾಗ ತೂತು ಕೂಡಿಬರದಿದ್ದಾಗ ಹುಡುಗ ನಟ್ಟನ್ನು ಹಿಂದಕ್ಕೆ ಸಡಿಲಿಸಲು ಹೋದ. “ಹಿಂದಕ್ಕಲ್ಲೋ, ಮುಂದಿನ ಗಾಡಿಗೆ ಬಿಗಿ” ಎಂದು ಗದರಿದರು. ಗಾಡಿ ಎಂದರೆ ಇಲ್ಲಿ ನಟ್ಟಿನ ತಲೆಯ ಸೀಳು. ಇಂಥ ಸಣ್ಣ ವಿಷಯಗಳಲ್ಲಿ ಅವರು ರಾಜಿಯಾಗುವವರಲ್ಲ.

ಅಲೈನ್‌ಮೆಂಟ್ ಅವರಲ್ಲಿ ಆಗುವುದಿಲ್ಲ, ಬೇರೆ ಕಡೆ ಹೋಗಬೇಕು. ಇಲ್ಲಿ ಓದುಗರು ಎಚ್ಚರವಾಗಿರಬೇಕು. ನಾನು ಮೊದಲು ಹೋದ ಅಂಗಡಿಯಲ್ಲಿ ಸ್ಟೀರಿಂಗ್ ರಾಡ್ ತಿರುಗಿಸಿ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮಾತ್ರ ಹೊಂದಿಸಿ, ಹಸಿರು ಬಣ್ಣದ ಕಾಗದವೊಂದನ್ನು ಮುದ್ರಿಸಿ ಕೈಗಿತ್ತರು. ಆರ್ಮ್ ಬಿಚ್ಚಿ ಹಾಕಿದ ಗಾಡಿಗೆ ಅಷ್ಟು ಸಾಲದು. ಕ್ಯಾಮ್ ಬೋಲ್ಟ್‌ನ ಬಿಲ್ಲೆ ಮಧ್ಯದಿಂದ ಸರಿದು ಕೂತಿರುತ್ತದೆ, ಅದನ್ನು ತಿರುಗಿಸಿದಾಗ ಕೆಳಗಿನ ಆರ್ಮ್ ಕೊಂಚ ಒಳಕ್ಕೆ ಇಲ್ಲವೇ ಹೊರಕ್ಕೆ ಜರುಗುತ್ತದೆ. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಮತ್ತು ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲುವ ಕೋನ) ಸರಿಹೋಗುವುದು ಅಲ್ಲಿ. ಬಿಚ್ಚುವ ಮುನ್ನ ಬಿಲ್ಲೆಯ ಸ್ಥಾನಕ್ಕೆ ಬಿಳಿ ಬಣ್ಣದ ಗುರುತು ಹಾಕಿದ್ದರಿಂದ ಗಾಡಿ ಅಲ್ಲಿಯವರೆಗೆ ಓಡಿಸುವ ಸ್ಥಿತಿಯಲ್ಲಿತ್ತು, ಅಷ್ಟೇ. ಎರಡನೆಯ ಅಂಗಡಿಯಲ್ಲಿ ಕ್ಯಾಮ್ ಸಡಿಲಿಸಿ ಹೊಂದಿಸಿ ಕೊಟ್ಟರು, 1,200 ರೂಪಾಯಿ ತೆಗೆದುಕೊಂಡರು. ಆ ದಿನದಿಂದ ಗಾಡಿ ಎಡಕ್ಕೆ ಎಳೆದಿಲ್ಲ, ಈಗಿನ ಟೈರುಗಳು ಒಳಗೂ ಹೊರಗೂ ಒಂದೇ ಸಮನಾಗಿ ಸವೆಯುತ್ತಿವೆ.

ಪಾಲಿಯೂರಿಥೇನ್ ಬುಷ್‌ಗಳ ಮಾತಿಗೆ ಬರುತ್ತೇನೆ. ಅವು ರಬ್ಬರಿನಂತೆ ತಿರುಚಿಕೊಳ್ಳುವುದಿಲ್ಲ, ಒಳಕೊಳವೆಯ ಸುತ್ತ ಗ್ರೀಸಿನ ಮೇಲೆ ಜಾರಿ ತಿರುಗುತ್ತವೆ; ಗಟ್ಟಿಯಾಗಿರುವುದರಿಂದ ಸ್ಟೀರಿಂಗ್ ಚುರುಕಾಗುತ್ತದೆ. ಮೊದಲ ಎರಡು ತಿಂಗಳು ನಾನೂ ಹಿಗ್ಗಿದೆ. ಬೇಸಿಗೆಯಲ್ಲಿ ಜಗಳೂರು ಕಡೆಯ ಹಿಟ್ಟಿನಂಥ ದೂಳು ಗ್ರೀಸಿಗೆ ಸೇರಿದ ಮೇಲೆ, ಪ್ರತಿ ಉಬ್ಬಿನಲ್ಲೂ ಹಳೆಯ ಮಂಚದ ಕಿರುಗುಟ್ಟುವಿಕೆ ಶುರುವಾಯಿತು. ಬಿಚ್ಚಿ ಗ್ರೀಸ್ ಹಾಕಿದರೆ ಮೂರು ವಾರ ಮೌನ, ಮತ್ತೆ ಅದೇ. ಮೇಲಾಗಿ ಹೆದ್ದಾರಿಯಲ್ಲೂ ರಸ್ತೆಯ ಸಣ್ಣ ಗರಗರ ಕ್ಯಾಬಿನ್ನಿಗೆ ಬರುತ್ತಿತ್ತು. ಆರನೆಯ ತಿಂಗಳಿಗೆ ತೆಗೆಸಿ ಮೇಲಕ್ಕೂ ಕಂಪನಿಯ ರಬ್ಬರನ್ನೇ ಹಾಕಿಸಿದೆ. ಮೇಲಿನ ಬೋಲ್ಟ್‌ಗಳಿಗೆ ಚಕ್ರ ಇದ್ದಾಗ ಕೈ ಎಟುಕುವುದಿಲ್ಲವಾದ್ದರಿಂದ, ಈ ಸಲ ಕೆಳಗಿನ ಆರ್ಮ್‌ನ ಅಡಿ ಜ್ಯಾಕ್ ಕೊಟ್ಟು ಅದೇ ಸೀಮೆಸುಣ್ಣದ ಎತ್ತರಕ್ಕೆ ತಂದು ಬಿಗಿದರು. ತಮ್ಮ ಸಲಹೆ ಈ ಗಾಡಿಗೆ ಒಗ್ಗಲಿಲ್ಲವೆಂದು ಮೇಸ್ತ್ರಿ ಒಪ್ಪಿಕೊಂಡು ಅರ್ಧ ಕೂಲಿಯನ್ನಷ್ಟೇ ತೆಗೆದುಕೊಂಡರು. ಬುಷ್‌ಗೆ ಕೊಟ್ಟ 3,200 ಮಾತ್ರ ನನಗೆ ಹೋಯಿತು. ಸ್ಪರ್ಧೆಗೆ ಓಡಿಸುವವರಿಗೆ ಅದು ಬೇಕಾಗಬಹುದು, ದೂಳಿನಲ್ಲಿ ಪೈಪು ಹೊರುವ ಗಾಡಿಗೆ ಬೇಡ.

ಈ ಗ್ಯಾರೇಜಿನಲ್ಲಿ ಮೊದಲ ಸಲ ಆದ ಒಟ್ಟು ಖರ್ಚು, ಅಲೈನ್‌ಮೆಂಟ್ ಬಿಟ್ಟು, 17,650 ರೂಪಾಯಿ: ಕೆಳಗಿನ ನಾಲ್ಕು ಬುಷ್‌ಗೆ 4,600, ಎರಡು ಬಾಲ್ ಜಾಯಿಂಟ್‌ಗೆ 3,800, ಪಾಲಿ ಬುಷ್‌ಗೆ ಆಗ ಹೇಳಿದ 3,200, ಪ್ರೆಸ್ಸಿಗೆ 1,200, ಕ್ಯಾಮ್ ಬೋಲ್ಟ್‌ಗೆ 850, ಕೂಲಿ 4,000. ಈ ಲೆಕ್ಕವನ್ನು ನಾನು ನನ್ನ ಡೈರಿಯಿಂದ ಕೊಡುತ್ತಿದ್ದೇನೆ, ಏಕೆಂದರೆ ಅವರು ಕೊಟ್ಟದ್ದು ಸಿಗರೇಟು ಪ್ಯಾಕಿನ ಒಳಮೈಯಲ್ಲಿ ಬರೆದ ಮೊತ್ತ ಮಾತ್ರ. ವ್ಯಾಪಾರದ ಗಾಡಿಗೆ ಖರ್ಚು ತೋರಿಸಬೇಕಾದ ನನ್ನಂಥವರಿಗೆ ಇದು ತೊಡಕು. ತೆಗೆದ ಹಳೆಯ ಭಾಗಗಳನ್ನು ಮಾತ್ರ ಕೇಳದೆಯೇ ಗೋಣಿಚೀಲದಲ್ಲಿ ಹಾಕಿ ಕೊಟ್ಟರು.

ಮತ್ತೆ ಅಲ್ಲಿಗೇ ಹೋಗುತ್ತೀರಾ ಎಂದರೆ, ಹೌದು. ಆದರೆ ಬೋಲ್ಟ್‌ಗಳನ್ನು ಮೊದಲೇ ತರಿಸಿಕೊಂಡು, ನಾಲ್ಕು ದಿನ ಬೇರೆ ಗಾಡಿ ಗೊತ್ತುಮಾಡಿಕೊಂಡು, ಇನ್ನೊಂದು ಸ್ಟ್ಯಾಂಡನ್ನು ನಾನೇ ಕೊಂಡೊಯ್ದು. ಕಳೆದ ವಾರ ಟೈರ್ ಅದಲು ಬದಲು ಮಾಡಿಸುವಾಗ ಕೆಳಗೆ ಬಗ್ಗಿ ನೋಡಿದೆ. ಕೆಳಗಿನ ನಾಲ್ಕು ಬುಷ್‌ಗಳಲ್ಲಿ ಒಂದು ಸಣ್ಣ ಸೀಳೂ ಇರಲಿಲ್ಲ. ಬಲಗಡೆಯ ಬಾಲ್ ಜಾಯಿಂಟ್ ಟೊಪ್ಪಿಯ ಮೇಲೆ ಕಲ್ಲು ತಾಗಿದ ಒಂದು ಗಾಯವಿದೆ, ಇನ್ನೂ ತೂತಾಗಿಲ್ಲ. ಮಳೆ ಹಿಡಿಯುವ ಮೊದಲು ಅದನ್ನೊಂದು ತೋರಿಸಿಕೊಂಡು ಬರಬೇಕು.